ತೊಂಬತ್ತು ವರ್ಷ ಕಾದ ಗುಡ್ಡ

ಪ್ಯಾರಿಸಿನಿಂದಲೋ ಲಂಡನ್ನಿನಿಂದಲೋ ರೈಲಿನಲ್ಲಿ ಬ್ರಸೆಲ್ಸ್ ನಗರಕ್ಕೆ ಬರುವ ಪ್ರವಾಸಿಗರು ಇಳಿಯುವುದು ಅಲ್ಲಿನ ದಕ್ಷಿಣ ನಿಲ್ದಾಣದಲ್ಲಿ. ಇಳಿದವರಲ್ಲಿ ಬಹುಪಾಲು ಜನ ಊರಿನ ನಡುಭಾಗದ ಮಹಾಚೌಕವನ್ನೂ ಪುರಭವನದ ಗೋಪುರವನ್ನೂ ನೋಡಲು ಹೊರಟುಬಿಡುತ್ತಾರೆ. ತಾವು ಮೊದಲು ಕಾಲಿಟ್ಟ ನೆಲಕ್ಕೆ ಬೇರೆಯೇ ಹೆಸರುಂಟೆಂಬುದು ಅವರ ಗಮನಕ್ಕೆ ಬರುವುದಿಲ್ಲ. ಬ್ರಸೆಲ್ಸ್ ಎಂದು ಜಗತ್ತು ಕರೆಯುವ ಊರು ವಾಸ್ತವವಾಗಿ ಹತ್ತೊಂಬತ್ತು ಪುರಸಭೆಗಳ ಕೂಟ. ಅವುಗಳಲ್ಲಿ, ದಕ್ಷಿಣ ನಿಲ್ದಾಣವನ್ನು ತನ್ನ ಎಲ್ಲೆಯೊಳಗೆ ಹೊಂದಿರುವ ಪುರಸಭೆಯ ಹೆಸರು ಸ್ಯಾಂ ಜಿಲ್. ಪ್ರಖ್ಯಾತ ವಾಸ್ತುಶಿಲ್ಪಿ ವಿಕ್ಟರ್ ಹೋರ್ತಾ ತನಗಾಗಿ ಕಟ್ಟಿಕೊಂಡ ಮನೆಯು ಈ ಬಡಾವಣೆಯಲ್ಲಿಯೇ ಇದ್ದು, ಈಗ ವಸ್ತುಸಂಗ್ರಹಾಲಯವಾಗಿದೆ. ಆದರೆ ಕಾಲ್ಚೆಂಡಾಟದಲ್ಲಿ ಆಸಕ್ತಿಯುಳ್ಳವರಿಗೆ ಸ್ಯಾಂ ಜಿಲ್ ಎಂದೊಡನೆ ನೆನಪಾಗುವುದು ಹೋರ್ತಾನ ಮನೆಯಲ್ಲ. ಯೂನಿಯನ್ ಸ್ಯಾಂ ಜಿಲ್ವಾಜ್ ಎಂಬ ಹಳೆಯ ಆಟದ ಸಂಘ.

ಸಂಘದ ಹೆಸರಿನಲ್ಲಿ ಸ್ಯಾಂ ಜಿಲ್ ಇದ್ದರೂ ಅದರ ಆಟದ ಬಯಲು ಇರುವುದು ಅಲ್ಲಲ್ಲ. ಪಕ್ಕದ ಫೋರೆ ಪುರಸಭೆಯ ಏರುದಾರಿಯೊಂದರ ಬದಿಯಲ್ಲಿ. ದಾರಿಯ ಅಂಚಿಗೆ ೧೯೨೬ರಲ್ಲಿ ಕಟ್ಟಿದ ಉದ್ದನೆಯ ಮುಂಗೋಡೆ. ಅದರ ಮೇಲೆ ಕ್ರೀಡಾಪಟುಗಳ ಭಂಗಿಗಳನ್ನು ತೋರುವ ಫಲಕಗಳು. ಆರ್ಟ್ ಡೆಕೊ ಎಂಬ ಅಂದಿನ ಶೈಲಿಯ ಈ ಕಟ್ಟಡವನ್ನು ಈಗ ಸ್ಮಾರಕವೆಂದು ರಕ್ಷಿಸಲಾಗಿದೆ. ಹೊಸಬರು ಅದನ್ನು ಕ್ರೀಡಾಂಗಣವೆಂದು ತಿಳಿಯದೆ ಹಳೆಯ ನಾಟಕಮಂದಿರವಿರಬಹುದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಒಳಹೊಕ್ಕರೆ ಎದುರಿಗೆ ಗುಡ್ಡದ ಇಳಿಜಾರು. ಆ ಇಳಿಜಾರನ್ನೇ ಮೆಟ್ಟಿಲಾಗಿಸಿ ಪ್ರೇಕ್ಷಕರು ನಿಂತು ನೋಡುವ ಸ್ಥಳವನ್ನು ಮಾಡಿದ್ದಾರೆ. ಮೆಟ್ಟಿಲುಗಳ ಹಿಂದೆಯೇ ಡ್ಯೂಡೆನ್ ಉದ್ಯಾನದ ದಟ್ಟವಾದ ಮರಗಳು. ಒಂದು ಕಾಲಕ್ಕೆ ಬ್ರಸೆಲ್ಸನ್ನು ಸುತ್ತುವರಿದಿದ್ದ ಮಹಾರಣ್ಯದ ಚೂರೊಂದು ಅಲ್ಲಿ ಉಳಿದುಕೊಂಡಿದೆ. ಕಸೂತಿ ಜಾಲರಿಯ ವ್ಯಾಪಾರದಿಂದ ಧನಿಕನಾದ ಡ್ಯೂಡೆನ್ ಎಂಬಾತ ತನ್ನ ಈ ವನವನ್ನು ದೊರೆ ಎರಡನೆಯ ಲಿಯೋಪೋಲ್ಡನಿಗೆ ಬಿಟ್ಟುಹೋದನು. ಮುಂದೆ ಅದು ಸಾರ್ವಜನಿಕರದಾಯಿತು. ಒಂಬತ್ತು ಸಾವಿರಕ್ಕೂ ತುಸು ಹೆಚ್ಚು ಜನರಷ್ಟೇ ಹಿಡಿಯುವ ಈ ಬಯಲಿಗೆ ಸಂಘದ ಹಿಂದಿನ ಅಧ್ಯಕ್ಷ ಜೋಸೆಫ್ ಮಾರಿಯೆನ್ ಅವರ ಹೆಸರಿದೆ.

ಹನ್ನೊಂದು ಕಿರೀಟಗಳು

ಸಂಘವು ಹುಟ್ಟಿದ್ದು ೧೮೯೭ರ ನವೆಂಬರಿನಲ್ಲಿ. ಅದರ ಬಣ್ಣ ಹಳದಿ ಮತ್ತು ನೀಲಿ. ಹುಟ್ಟಿದ ಏಳನೆಯ ವರ್ಷಕ್ಕೆ, ಎಂದರೆ ೧೯೦೪ರಲ್ಲಿ, ಅದು ಬೆಲ್ಜಿಯಂ ದೇಶದ ಚಾಂಪಿಯನ್ ಆಯಿತು. ಅನಂತರ ೧೯೦೫, ೧೯೦೬, ೧೯೦೭. ಮತ್ತೆ ೧೯೦೯, ೧೯೧೦, ೧೯೧೩: ಮೊದಲನೆಯ ಮಹಾಯುದ್ಧಕ್ಕೆ ಮೊದಲೇ ಏಳು ಸಲ ಆ ಪಟ್ಟವು ಅದಕ್ಕೆ ದೊರೆತಿತ್ತು. ಯುದ್ಧ ಮುಗಿದು ಊರು ಉಸಿರಾಡುವಂತಾದ ೧೯೧೯ರಲ್ಲಿ ಸಂಘವು ಈ ಗುಡ್ಡದ ಬಯಲಿಗೆ ಬಂದು ನೆಲೆಸಿತು. ಪ್ರಾರಂಭೋತ್ಸವದ ಪಂದ್ಯಕ್ಕೆ ಇಟಲಿಯ ಮಿಲಾನ್ ತಂಡವನ್ನು ಕರೆಸಿದ್ದರು.

ಮರುವರ್ಷ, ೧೯೨೦ರಲ್ಲಿ, ಒಲಿಂಪಿಕ್ ಕ್ರೀಡೆಗಳು ಆಂಟ್‌ವರ್ಪ್ ನಗರದಲ್ಲಿ ನಡೆದಾಗ ಕಾಲ್ಚೆಂಡಾಟದ ಪಂದ್ಯವೊಂದು ಈ ಗುಡ್ಡಕ್ಕೂ ಬಂದಿತು. ಆ ವರ್ಷದ ಆಗಸ್ಟ್ ೨೮ರಂದು ಸ್ಪೇನ್ ದೇಶದ ರಾಷ್ಟ್ರೀಯ ತಂಡವು ತನ್ನ ಇತಿಹಾಸದ ಮೊಟ್ಟಮೊದಲ ಪಂದ್ಯವನ್ನು ಆಡಿದ್ದು ಇಲ್ಲಿ. ಡೆನ್ಮಾರ್ಕನ್ನು ಒಂದು ಗೋಲಿನಿಂದ ಸೋಲಿಸಿದ್ದು ಇಲ್ಲಿಯೇ. ಆ ಕ್ರೀಡೆಗಳಲ್ಲಿ ಚಿನ್ನದ ಪದಕ ಬೆಲ್ಜಿಯಂ ತಂಡದ್ದಾಯಿತು. ಸ್ಪೇನಿನ ಎದುರು ಬೆಲ್ಜಿಯಂ ಗಳಿಸಿದ ಮೂರು ಗೋಲುಗಳನ್ನೂ, ಅಂತಿಮ ಪಂದ್ಯದ ಮೊದಲ ಗೋಲನ್ನೂ ಹೊಡೆದ ರಾಬರ್ಟ್ ಕೊಪ್ಪೆ ಯೂನಿಯನ್ ಸಂಘದ ಆಟಗಾರನೇ.

ಎಂಟನೆಯ ಪಟ್ಟವು ೧೯೨೩ರಲ್ಲಿ ಬಂದಿತು. ಬಳಿಕ ಹತ್ತು ವರ್ಷಗಳ ವಿರಾಮ. ಅದು ಮುಗಿದದ್ದು ಬೆಲ್ಜಿಯಂ ದೇಶದಲ್ಲಿ ಇಂದಿಗೂ ಯಾರೂ ಮುರಿಯಲಾರದ ಒಂದು ಸಾಧನೆಯಿಂದ. ೧೯೩೩ರ ಜನವರಿಯಿಂದ ೧೯೩೫ರ ಫೆಬ್ರವರಿಯವರೆಗೆ ಯೂನಿಯನ್ ತಂಡವು ಲೀಗಿನಲ್ಲಿ ಒಂದಾದಮೇಲೊಂದರಂತೆ ೬೦ ಪಂದ್ಯಗಳನ್ನು ಸೋಲಿಲ್ಲದೆ ಆಡಿತು. ೧೯೩೩, ೧೯೩೪, ೧೯೩೫, ಮೂರು ವರ್ಷವೂ ಪಟ್ಟ ಅದರದೇ. ಆ ತಂಡದ ಮುಂದಾಳಾಗಿದ್ದ ಜೂಲ್ ಪಪ್ಪಾರ್ಟ್‌ನ ಹೆಸರಿನಲ್ಲಿ, ದೀರ್ಘಕಾಲ ಸೋಲದೆ ಆಡಿದ ತಂಡಕ್ಕೆ ಕೊಡುವ ಬಹುಮಾನವೊಂದು ಮುಂದೆ ಸ್ಥಾಪಿತವಾಯಿತು. ಹೀಗೆ ೧೯೩೫ರ ಹೊತ್ತಿಗೆ ಸಂಘದ ಬಳಿ ಹನ್ನೊಂದು ಕಿರೀಟಗಳಿದ್ದವು. ಅಷ್ಟು ಆ ದೇಶದ ಬೇರಾವ ಸಂಘಕ್ಕೂ ಇರಲಿಲ್ಲ. ಹನ್ನೆರಡನೆಯದು ಇಂದೋ ನಾಳೆಯೋ ಬರುವುದೆಂದು ಅಂದಿನ ಜನ ನಂಬಿದ್ದರೆ ಅವರನ್ನು ತಪ್ಪೆನ್ನಲಾಗದು.

ನೆರೆಹೊರೆಯ ಹಗೆ

ಆ ಅಜೇಯ ಯಾತ್ರೆಯನ್ನು ತಡೆದು ನಿಲ್ಲಿಸಿದವರು ಪರಸ್ಥಳದವರಲ್ಲ, ಊರಿನವರೇ. ಬ್ರಸೆಲ್ಸಿನ ಪಶ್ಚಿಮಕ್ಕಿರುವ ಮೊಲೆನ್‌ಬೇಕ್ ಬಡಾವಣೆಯ ಡೇರಿಂಗ್ ಎಂಬ ಸಂಘವು ೧೯೩೫ರ ಫೆಬ್ರವರಿ ೧೦ರಂದು ಯೂನಿಯನ್ ತಂಡವನ್ನು ಸೋಲಿಸಿತು. ಮುಂದಿನ ಎರಡು ವರ್ಷ ತಾನೇ ಚಾಂಪಿಯನ್ ಆಯಿತು. ಇವೆರಡರ ಪೈಪೋಟಿ ಊರಿಗೆ ಊರನ್ನೇ ಎರಡಾಗಿ ಸೀಳಿತ್ತು. ಆದರೆ ಬ್ರಸೆಲ್ಸಿನ ಜನ ಜಗಳದಲ್ಲಿಯೂ ನಗೆಯನ್ನು ಬಿಡದವರು. ಅವರ ಆ ಕುಚೋದ್ಯಕ್ಕೆ ಸ್ಥಳೀಯ ಮಾತಿನಲ್ಲಿ ‘ಜ್ವಾಂಜ್’ ಎಂದು ಹೆಸರು. ಡೇರಿಂಗ್-ಯೂನಿಯನ್ ಪಂದ್ಯಕ್ಕೂ ಅದೇ ಹೆಸರು ಅಂಟಿಕೊಂಡಿತು. ೧೯೩೮ರಲ್ಲಿ ‘ಬೊಸ್‌ಮಾನ್ಸ್ ಮತ್ತು ಕೊಪ್ಪೆನೊಲ್’ ಎಂಬ ಹಾಸ್ಯನಾಟಕವು ರಂಗವನ್ನೇರಿತು. ಒಬ್ಬನು ಡೇರಿಂಗ್ ಪಕ್ಷ, ಇನ್ನೊಬ್ಬನು ಯೂನಿಯನ್ ಪಕ್ಷ. ಇದೇ ಕಾರಣಕ್ಕೆ ಜೀವದ ಗೆಳೆಯರಿಬ್ಬರ ನಡುವೆ ಮನಸ್ತಾಪ. ನಡುವೆ ಸಿಕ್ಕಿಬಿದ್ದದ್ದು ಎರಡು ಮನೆಯ ಮಕ್ಕಳ ಪ್ರಣಯ. ರೋಮಿಯೋ-ಜೂಲಿಯೆಟರ ಕಥೆಯನ್ನು ಕಾಲ್ಚೆಂಡಿನೊಂದಿಗೆ ಬೆರೆಸಿದ ಈ ನಾಟಕವನ್ನು ಬ್ರಸೆಲ್ಸಿನ ಜನ ತಲೆಮಾರುಗಳಿಂದ ನೋಡಿ ನಗುತ್ತ ಬಂದಿದ್ದಾರೆ.

ನಾಟಕ ಉಳಿಯಿತು, ಅದಕ್ಕೆ ವಸ್ತುವಾದ ಹಗೆ ಉಳಿಯಲಿಲ್ಲ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಬೆಲ್ಜಿಯಂ ದೇಶದ ಒಂದು ಪದ್ಧತಿಯನ್ನು ಅರಿಯಬೇಕು. ೧೯೨೬ರಲ್ಲಿ ಆ ದೇಶದ ಕಾಲ್ಚೆಂಡಾಟದ ಮಂಡಲಿಯು ಪ್ರತಿಯೊಂದು ಸಂಘಕ್ಕೂ ಹಿರಿತನದ ಕ್ರಮದಲ್ಲಿ ಒಂದೊಂದು ಸಂಖ್ಯೆಯನ್ನು ಕೊಟ್ಟಿತು. ಆಂಟ್‌ವರ್ಪ್ ಸಂಘಕ್ಕೆ ೧, ಡೇರಿಂಗ್ ಸಂಘಕ್ಕೆ ೨, ಯೂನಿಯನ್ ಸಂಘಕ್ಕೆ ೧೦. ಸಂಘ ಮುಳುಗಿದರೆ ಸಂಖ್ಯೆಯೂ ಮುಳುಗುತ್ತದೆ. ಎರಡು ಸಂಘಗಳು ಒಂದಾದರೆ ಒಂದರ ಸಂಖ್ಯೆ ಮಾತ್ರ ಉಳಿಯುತ್ತದೆ. ಮನೆತನಕ್ಕೆ ಗೋತ್ರವಿದ್ದಂತೆ ಸಂಘಕ್ಕೆ ಈ ಸಂಖ್ಯೆ.

ಬ್ರಸೆಲ್ಸಿನ ಹಳೆಯ ಸಂಘಗಳು ಹಣದ ಅಡಚಣೆಗೆ ಸಿಕ್ಕಿ ಒಂದೊಂದಾಗಿ ಈ ಗೋತ್ರವನ್ನು ಕಳೆದುಕೊಂಡವು. ಆರು ಸಲ ಚಾಂಪಿಯನ್ ಆಗಿದ್ದ ರೇಸಿಂಗ್ ಸಂಘವು ೧೯೬೩ರಲ್ಲಿ ವೈಟ್ ಸ್ಟಾರ್ ಸಂಘದೊಂದಿಗೆ ಕೂಡಿ ರೇಸಿಂಗ್ ವೈಟ್ ಆಯಿತು. ೧೯೭೩ರಲ್ಲಿ ಡೇರಿಂಗ್ ಸಂಘವೂ ಅದರೊಳಗೆ ಸೇರಿತು. ಹೊಸ ಸಂಘಕ್ಕೆ ಉಳಿದದ್ದು ೪೭ ಎಂಬ ಸಂಖ್ಯೆ; ಐದು ಸಲ ದೇಶವನ್ನು ಗೆದ್ದ ೨ ಎಂಬ ಸಂಖ್ಯೆ ಅಳಿಸಿಹೋಯಿತು.

ಕತ್ತಲ ಕಾಲ

ಯೂನಿಯನ್ ಸಂಘದ ಅದೃಷ್ಟವೇನೂ ಮೇಲಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಬ್ರಸೆಲ್ಸಿನಲ್ಲಿ ಆಂಡರ್ಲೆಕ್ಟ್ ಎಂಬ ಸಂಘದ ನಕ್ಷತ್ರ ಮೇಲೇರಿತು. ೧೯೪೭ರಲ್ಲಿ ಮೊದಲ ಸಲ ಪಟ್ಟವನ್ನು ಗೆದ್ದ ಅದು, ಇಪ್ಪತ್ತು ವರ್ಷ ತುಂಬುವ ಮೊದಲೇ, ೧೯೬೬ರಲ್ಲಿ, ಯೂನಿಯನ್ ಸಂಘದ ಹನ್ನೊಂದನ್ನು ದಾಟಿ ಹನ್ನೆರಡಕ್ಕೆ ಮುಟ್ಟಿತು. ಆರಿಹೋಗುವ ಮುನ್ನ ದೀಪವು ಒಮ್ಮೆ ಪ್ರಜ್ವಲಿಸುವಂತೆ, ಯೂರೋಪಿನ ನಗರಗಳ ನಡುವಿನ ಫೇರ್ಸ್ ಕಪ್ ಪಂದ್ಯಾವಳಿಯಲ್ಲಿ ಯೂನಿಯನ್ ತಂಡವು ರೋಮ್ ನಗರದ ತಂಡವನ್ನು ಸೋಲಿಸಿ ಉಪಾಂತ್ಯದವರೆಗೆ ಏರಿದ್ದುಂಟು. ಅಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ತಂಡಕ್ಕೆ ಸೋತಿತು. ೧೯೬೩ರಲ್ಲಿ ಎರಡನೆಯ ದರ್ಜೆಗೆ ಇಳಿಯಿತು. ಏರಿ ಇಳಿದು, ಮತ್ತೆ ಏರಿ, ಕಡೆಗೆ ೧೯೭೩ರಲ್ಲಿ ಮೇಲಿನ ದರ್ಜೆಯಿಂದ ಜಾರಿತು. ಡೇರಿಂಗ್ ಸಂಘದ ಹೆಸರು ಅಳಿದುದೂ ಅದೇ ವರ್ಷ. ಮೂರನೆಯ ದರ್ಜೆಯೂ ತಳವಾಗಲಿಲ್ಲ. ೧೯೮೦ರ ದಶಕದ ಆರಂಭದಲ್ಲಿ ಹನ್ನೊಂದು ಸಲದ ಚಾಂಪಿಯನ್ ನಾಲ್ಕನೆಯ ದರ್ಜೆಯಲ್ಲಿ ಆಡಿತು.

ಸಾವಿರಾರು ಜನರಿಗಾಗಿ ಕಟ್ಟಿದ ಮೆಟ್ಟಿಲುಗಳ ಮೇಲೆ ಕೆಲವೇ ನೂರು ಜನ ನಿಲ್ಲುತ್ತಿದ್ದ ದಿನಗಳವು. ಸಂಘವು ತನ್ನ ಹೆಸರನ್ನು ಬಿಡಲಿಲ್ಲ, ೧೦ ಎಂಬ ಸಂಖ್ಯೆಯನ್ನು ಬಿಡಲಿಲ್ಲ, ಗುಡ್ಡವನ್ನೂ ಬಿಡಲಿಲ್ಲ. ಹಾಳೂರಿಗೆ ಉಳಿದವನೇ ಗೌಡನೆಂಬ ಗಾದೆಯಂತೆ, ಹಳೆಯ ಬ್ರಸೆಲ್ಸಿನ ಆಟದ ನೆನಪಿಗೆಲ್ಲ ಅದೊಂದೇ ವಾರಸುದಾರನಾಗಿ ನಿಂತಿತು. ಗೆಲುವಿಗಾಗಿ ಬರುವವರು ಎಂದೋ ಆಂಡರ್ಲೆಕ್ಟಿನ ಕಡೆಗೆ ಹೋಗಿದ್ದರು. ಗುಡ್ಡಕ್ಕೆ ಬರುತ್ತಿದ್ದವರು ತಂದೆಯೋ ತಾತನೋ ನಿಂತಿದ್ದ ಜಾಗವೆಂದು ಬರುತ್ತಿದ್ದವರು.

ಲೆಕ್ಕದ ಮಹಿಮೆ

ದೆಸೆ ತಿರುಗಿದ್ದು ೨೦೧೮ರಲ್ಲಿ. ಇಂಗ್ಲೆಂಡಿನ ಬ್ರೈಟನ್ ಸಂಘದ ಒಡೆಯ ಟೋನಿ ಬ್ಲೂಮ್ ಅವರು ಅಲೆಕ್ಸ್ ಮ್ಯೂಜಿಯೋ ಅವರೊಂದಿಗೆ ಸೇರಿ ಆಗ ಎರಡನೆಯ ದರ್ಜೆಯಲ್ಲಿದ್ದ ಯೂನಿಯನ್ ಸಂಘವನ್ನು ಕೊಂಡರು. ಬ್ಲೂಮ್ ಅವರು ಪಂದ್ಯಗಳ ಬಾಜಿಯಲ್ಲಿ ಗಣಿತದ ಬಲದಿಂದ ಸಂಪತ್ತನ್ನು ಗಳಿಸಿದವರು. ಆಟಗಾರರನ್ನು ಆಯ್ಕೆಮಾಡುವುದರಲ್ಲಿಯೂ ಅದೇ ಲೆಕ್ಕಾಚಾರವನ್ನು ಬಳಸಲಾಯಿತು: ಇತರರ ಕಣ್ಣಿಗೆ ಬೀಳದವರನ್ನು ಅಂಕಿಅಂಶಗಳಿಂದ ಹುಡುಕಿ, ಸ್ವಲ್ಪ ಬೆಲೆಗೆ ತರುವುದು. ಜರ್ಮನಿಯ ಮೂರನೆಯ ದರ್ಜೆಯ ತಂಡವೊಂದರಿಂದ ಹೀಗೆ ಬಂದ ಡೆನಿಜ್ ಉಂಡಾವ್ ಮುಂದೆ ಜರ್ಮನಿಯ ರಾಷ್ಟ್ರೀಯ ತಂಡದವರೆಗೆ ಏರಿದನು.

೨೦೨೧ರ ಮಾರ್ಚಿನಲ್ಲಿ ಯೂನಿಯನ್ ಮೇಲಿನ ದರ್ಜೆಗೆ ಮರಳುವುದು ನಿಶ್ಚಯವಾಯಿತು. ೪೮ ವರ್ಷಗಳ ವನವಾಸ ಮುಗಿಯಿತು. ಅದನ್ನು ನಿಶ್ಚಯಗೊಳಿಸಿದ ಗೆಲುವು ಬಂದದ್ದು ಮೊಲೆನ್‌ಬೇಕ್ ತಂಡದ ಎದುರು, ಎಂದರೆ ಹಳೆಯ ಡೇರಿಂಗ್ ಸಂಘದ ನೆನಪನ್ನು ಹೊತ್ತವರ ಎದುರು, ಎಂಬುದು ವಿಧಿಯ ಜ್ವಾಂಜ್ ಎನ್ನಬೇಕು.

ಆದರೆ ಹನ್ನೆರಡನೆಯ ಕಿರೀಟ ಸುಲಭದಲ್ಲಿ ಕೈಗೆ ಬರಲಿಲ್ಲ. ಬೆಲ್ಜಿಯಂ ದೇಶದಲ್ಲಿ ಋತುವಿನ ಮೊದಲ ಭಾಗ ಮುಗಿದೊಡನೆ ಮುಂಚೂಣಿಯ ತಂಡಗಳ ಅಂಕಗಳನ್ನು ಅರ್ಧಕ್ಕಿಳಿಸಿ, ಅವುಗಳ ನಡುವೆಯೇ ಮತ್ತೆ ಪಂದ್ಯಗಳನ್ನಾಡಿಸುತ್ತಿದ್ದರು. ೨೦೨೨ರಲ್ಲಿ ಮೊದಲ ಭಾಗದ ಅಗ್ರಸ್ಥಾನ ಯೂನಿಯನ್ ತಂಡದ್ದು. ಪಟ್ಟ ಮಾತ್ರ ಬ್ರೂಜ್ ತಂಡದ ಪಾಲಾಯಿತು. ೨೦೨೩ರ ಕೊನೆಯ ದಿನ, ತನ್ನದೇ ಗುಡ್ಡದಲ್ಲಿ, ೮೯ನೆಯ ನಿಮಿಷದವರೆಗೂ ಯೂನಿಯನ್ ಮುಂದಿತ್ತು. ಅಲ್ಲಿಂದ ಮುಂದೆ ಬ್ರೂಜ್ ತಂಡ ಮೂರು ಗೋಲುಗಳನ್ನು ಹೊಡೆಯಿತು. ಪಟ್ಟ ಆಂಟ್‌ವರ್ಪಿಗೆ ಹೋಯಿತು. ೨೦೨೪ರಲ್ಲಿ ಮತ್ತೆ ಎರಡನೆಯ ಸ್ಥಾನ. ಆದರೂ ಆ ವರ್ಷದ ಮೇ ತಿಂಗಳಲ್ಲಿ ಆಂಟ್‌ವರ್ಪ್ ತಂಡವನ್ನು ಸೋಲಿಸಿ ದೇಶದ ಕಪ್ಪನ್ನು ಗೆದ್ದದ್ದು ಒಂದು ಸಮಾಧಾನ. ಆ ಕಪ್ಪು ಹಿಂದೆ ಬಂದದ್ದು ೧೯೧೪ರಲ್ಲಿ.

ಕೊನೆಗೆ ೨೦೨೫ರ ಮೇ ೨೫ರಂದು ಗುಡ್ಡದ ಬಯಲಿನಲ್ಲಿ ಗೆಂಟ್ ತಂಡವನ್ನು ಮೂರಕ್ಕೊಂದು ಗೋಲಿನಿಂದ ಸೋಲಿಸಿ ಯೂನಿಯನ್ ಹನ್ನೆರಡನೆಯ ಸಲ ಚಾಂಪಿಯನ್ ಆಯಿತು. ಹನ್ನೊಂದನೆಯದಕ್ಕೂ ಹನ್ನೆರಡನೆಯದಕ್ಕೂ ನಡುವಿನ ಅಂತರ ತೊಂಬತ್ತು ವರ್ಷ. ೧೯೩೫ರ ಪಟ್ಟವನ್ನು ಕಣ್ಣಾರೆ ಕಂಡು ನೆನಪಿಟ್ಟವರು ಅಂದು ಎಷ್ಟು ಮಂದಿ ಇದ್ದಾರು!

ಗುಡ್ಡದ ಮುಂದಿನ ಪ್ರಶ್ನೆ

ಈ ಗೆಲುವಿನೊಂದಿಗೇ ಒಂದು ಸಂಕಟವೂ ಬಂದಿದೆ. ಯೂರೋಪಿನ ಪಂದ್ಯಾವಳಿಗಳಿಗೆ ಬೇಕಾದ ಸೌಕರ್ಯಗಳು ಈ ಪುಟ್ಟ ಬಯಲಿನಲ್ಲಿಲ್ಲ. ಆದುದರಿಂದ ಯೂನಿಯನ್ ತಂಡವು ತನ್ನ ‘ಸ್ವಂತ’ ಪಂದ್ಯಗಳನ್ನು ಮೊದಲು ಲುವೆನ್ ನಗರದಲ್ಲಿಯೂ ಅನಂತರ ಆಂಡರ್ಲೆಕ್ಟ್ ಸಂಘದ ಕ್ರೀಡಾಂಗಣದಲ್ಲಿಯೂ ಆಡಬೇಕಾಯಿತು. ೨೦೨೩ರ ಡಿಸೆಂಬರಿನಲ್ಲಿ ಹೆಸರಾಂತ ಲಿವರ್‌ಪೂಲ್ ತಂಡವನ್ನು ಮಣಿಸಿದ್ದು ಹೀಗೆ ಪ್ರತಿಸ್ಪರ್ಧಿಯ ಅಂಗಳದಲ್ಲಿಯೇ. ಗುಡ್ಡದ ಬಯಲನ್ನು ಹಿಗ್ಗಿಸೋಣವೆಂದರೆ ಒಂದು ಕಡೆ ಸ್ಮಾರಕದ ಗೋಡೆ, ಮತ್ತೊಂದು ಕಡೆ ಉದ್ಯಾನದ ಮರಗಳು, ಎರಡನ್ನೂ ಮುಟ್ಟುವಂತಿಲ್ಲ. ಫೋರೆಯಲ್ಲಿಯೇ, ತಗ್ಗಿನಲ್ಲಿರುವ ಬೆಂಪ್ಟ್ ಎಂಬ ಸ್ಥಳದಲ್ಲಿ ಹೊಸ ಕ್ರೀಡಾಂಗಣವನ್ನು ಕಟ್ಟುವ ಯೋಜನೆಯನ್ನು ಸಂಘವು ಮುಂದಿಟ್ಟಿತು.

ಲೆಕ್ಕ ಬಲ್ಲವರ ದೃಷ್ಟಿಯಲ್ಲಿ ಇದು ನ್ಯಾಯವೇ. ಒಂಬತ್ತು ಸಾವಿರ ಜನರ ಟಿಕೆಟ್ಟಿನ ಹಣದಿಂದ ದೊಡ್ಡ ಸಂಘಗಳ ಸಮಕ್ಕೆ ನಿಲ್ಲುವುದು ಕಷ್ಟ. ಸಂಘ ಬೆಳೆಯಬೇಕಾದರೆ ಇಳಿದು ಬಯಲಿಗೆ ಬರಲೇಬೇಕೆಂಬುದು ಅವರ ವಾದ. ಆದರೆ ನಾಲ್ಕನೆಯ ದರ್ಜೆಯ ಕಾಲದಲ್ಲಿ ಆ ಮೆಟ್ಟಿಲುಗಳ ಮೇಲೆ ನಿಂತವರನ್ನು ಹಿಡಿದಿಟ್ಟದ್ದು ಅಂಕಗಳಲ್ಲ, ಆ ನೆಲ. ಸೋತಾಗ ಸಂಘವನ್ನು ಉಳಿಸಿದ ಗುಡ್ಡವನ್ನು ಗೆದ್ದಾಗ ಬಿಡುವುದೆಂತು ಎಂಬುದು ಅವರ ಪ್ರಶ್ನೆ. ರೇಸಿಂಗ್ ಮತ್ತು ಡೇರಿಂಗ್ ಸಂಘಗಳು ಬಡತನದಿಂದ ತಮ್ಮ ಗುರುತನ್ನು ಕಳೆದುಕೊಂಡವು. ಬಡತನವನ್ನು ದಾಟಿ ಬಂದ ಯೂನಿಯನ್ ಸಂಘಕ್ಕೆ ಈಗ ಎದುರಾಗಿರುವುದು ಸಿರಿತನದ ಪರೀಕ್ಷೆ.

ಲೀಗ್ ಪಂದ್ಯದ ದಿನಗಳಲ್ಲಿ ಹಳದಿ-ನೀಲಿ ಶಾಲುಗಳನ್ನು ಹೊದ್ದ ಜನ ಉದ್ಯಾನದ ಮರಗಳ ನಡುವಿನಿಂದ ಸಾಲುಸಾಲಾಗಿ ಬಯಲಿನ ಕಡೆಗೆ ನಡೆಯುತ್ತಾರೆ. ದಕ್ಷಿಣ ನಿಲ್ದಾಣದಲ್ಲಿ ಇಳಿದ ಪ್ರವಾಸಿಗನಿಗೆ ಅರ್ಧ ದಿನದ ಬಿಡುವಿದ್ದರೆ, ಮಹಾಚೌಕವನ್ನು ನಾಳೆಗಿಟ್ಟು ಅವರ ಜೊತೆಯಲ್ಲಿ ಗುಡ್ಡವನ್ನು ಹತ್ತುವುದು ಲೇಸು.