ಸಿಹಿ ಚಹಾದ ಊರಿನಲ್ಲಿ ಒಬ್ಬ ಹಿರಿಯ ಶಿಷ್ಯ

ಮಿಸಿಸಿಪ್ಪಿ ಎಂದೊಡನೆ ನಮಗೆ ನೆನಪಾಗುವುದು ಭೂಗೋಳ ಪುಸ್ತಕದ ಮಹಾನದಿ. ಆ ನದಿಯ ಹೆಸರನ್ನೇ ಹೊತ್ತ ಒಂದು ರಾಜ್ಯವೂ ಅಮೆರಿಕದ ದಕ್ಷಿಣ ಭಾಗದಲ್ಲಿದೆ. ರಾಜ್ಯದ ಪಶ್ಚಿಮ ಅಂಚಿನಲ್ಲಿ, ನದಿಯ ಪಕ್ಕಕ್ಕೆ, ಮೆಕ್ಕಲು ಮಣ್ಣಿನ ಚಪ್ಪಟೆ ಬಯಲು. ಅಲ್ಲಿಯವರು ಅದನ್ನು ಡೆಲ್ಟಾ ಎನ್ನುತ್ತಾರೆ. (ನದಿ ಸಮುದ್ರ ಸೇರುವಲ್ಲಿನ ಮುಖಜಭೂಮಿ ಇದಲ್ಲ, ಅದು ಇನ್ನೂ ದಕ್ಷಿಣಕ್ಕೆ, ಲೂಯಿಸಿಯಾನಾದಲ್ಲಿದೆ. ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳಬಾರದು!) ಬಯಲು ಮುಗಿದು ಪೂರ್ವಕ್ಕೆ ನೆಲ ಏರತೊಡಗಿದರೆ ಅದು ಗುಡ್ಡಸೀಮೆ. ಕೆಂಪು ಮಣ್ಣು, ಪೈನ್ ಮರಗಳು, ಸಣ್ಣ ಸಣ್ಣ ಹಿಡುವಳಿಗಳು, ದೂರ ದೂರ ಮನೆಗಳು.

ಕರಿಯ ಜನರ ದುಡಿಮೆಯ ಹಾಡುಗಳಿಂದ ಬೆಳೆದ ಬ್ಲೂಸ್ ಸಂಗೀತಕ್ಕೆ ಡೆಲ್ಟಾ ಬಯಲೇ ತವರು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಗುಡ್ಡಸೀಮೆಗೂ ತನ್ನದೇ ಆದ ಬ್ಲೂಸ್ ಉಂಟು. ಹೊರಜಗತ್ತಿಗೆ ಅದು ಸರಿಯಾಗಿ ಕೇಳಿಸಿದ್ದು ತಡವಾಗಿ. ಅದನ್ನು ಕೇಳಿಸಿದ ಧ್ವನಿಮುದ್ರಿಕೆಗಳಲ್ಲಿ ಒಂದು, 2001ರ ಮೇ ತಿಂಗಳಲ್ಲಿ ಹೊರಬಂದ ಬಡ್ಡಿ ಗೈ ಅವರ ‘ಸ್ವೀಟ್ ಟೀ’.

ಇದು ಸಾಲದ ಬಡ್ಡಿಯಲ್ಲ, ಗೆಳೆಯ ಎಂಬರ್ಥದ ಅಡ್ಡಹೆಸರು. ಮನೆಯವರು ಇಟ್ಟ ಹೆಸರು ಜಾರ್ಜ್. ಹುಟ್ಟಿದ್ದು 1936ರಲ್ಲಿ, ಲೂಯಿಸಿಯಾನಾದ ಲೆಟ್ಸ್‌ವರ್ತ್ ಎಂಬ ಹಳ್ಳಿಯಲ್ಲಿ. ತಂದೆತಾಯಿ ಬೇರೆಯವರ ಜಮೀನನ್ನು ಪಾಲಿಗೆ ಮಾಡುತ್ತಿದ್ದವರು; ಹುಡುಗ ಹತ್ತಿ ಬಿಡಿಸುತ್ತ ಬೆಳೆದ. ಗಿಟಾರ್ ಕೊಳ್ಳಲು ಕಾಸಿಲ್ಲ. ಕಿಟಕಿಗೆ ಹೊಡೆದಿದ್ದ ಸೊಳ್ಳೆಪರದೆಯ ತಂತಿಯನ್ನೇ ಎಳೆದು ಬಿಗಿದು ನುಡಿಸಿದ. (ಮನೆಯೊಳಗೆ ಸೊಳ್ಳೆ ನುಗ್ಗಿದವೆಂದು ಬೇರೆ ಹೇಳಬೇಕಾಗಿಲ್ಲ.) ಮುಂದೆ ಬ್ಯಾಟನ್ ರೂಜ್ ನಗರದ ವಿಶ್ವವಿದ್ಯಾನಿಲಯದಲ್ಲಿ ಆಳಾಗಿ ದುಡಿದು, 1957ರ ಸೆಪ್ಟೆಂಬರ್‌ನಲ್ಲಿ ಷಿಕಾಗೊ ಸೇರಿದರು. ಮಡ್ಡಿ ವಾಟರ್ಸ್ ಅವರಂಥ ಹಿರಿಯರ ಆಸರೆ ಅಲ್ಲಿ ಸಿಕ್ಕಿತು. ಹಲ್ಲಿನಲ್ಲಿ ಗಿಟಾರ್ ನುಡಿಸುವುದು, ಉದ್ದನೆಯ ತಂತಿ ಎಳೆದುಕೊಂಡು ವೇದಿಕೆ ಇಳಿದು ಜನರ ನಡುವೆ ಹೋಗಿಬಿಡುವುದು ಮೊದಲಾದ ಚಮತ್ಕಾರಗಳಿಗೆ ಅವರು ಹೆಸರುವಾಸಿ. ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್‌ರಂಥ ರಾಕ್ ಸಂಗೀತದ ತಾರೆಯರೇ ಇವರನ್ನು ನೋಡಿ ಕಲಿತವರು. 1991ರ ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿಯೂ ಬಂದಾಗಿತ್ತು. ಇಂಥ ಮನುಷ್ಯ ತಮ್ಮ 60 ದಾಟಿದ ವಯಸ್ಸಿನಲ್ಲಿ ಗುಡ್ಡಸೀಮೆಯ ಆಕ್ಸ್‌ಫರ್ಡ್ ಪಟ್ಟಣಕ್ಕೆ ಬಂದು, ತಾವು ಎಂದೂ ನುಡಿಸದ ರೀತಿಯ ಹಾಡುಗಳನ್ನು ಹೊಸದಾಗಿ ಕಲಿತರು. ಸ್ವೀಟ್ ಟೀ ಎಂಬುದು ಅವರು ಹಾಡಿದ ಸ್ಟುಡಿಯೋದ ಹೆಸರು. ಅದು ದಕ್ಷಿಣದವರ ಮನೆಮನೆಯ ಪಾನೀಯವೂ ಹೌದು. ಹಾಲಿಲ್ಲದ ಚಹಾಕ್ಕೆ ಕೈ ಬಿಚ್ಚಿ ಸಕ್ಕರೆ ಸುರಿದು, ಆರಿಸಿ, ಐಸ್ ಹಾಕಿ ಕುಡಿಯುತ್ತಾರೆ. ಬಿಸಿಯಿರುವಾಗಲೇ ಸಕ್ಕರೆ ಕರಗಿಸಬೇಕು. ತಣ್ಣಗಾದ ಮೇಲೆ ಹಾಕಿದರೆ ತಳದಲ್ಲಿ ಕೂತುಬಿಡುತ್ತದೆ. ನಮ್ಮ ತರಗತಿಯ ದ್ರಾವಣಗಳ ಪಾಠವೇ!

ಮೆಂಫಿಸ್ ನಗರದಲ್ಲಿ ನನ್ನ ತಮ್ಮನ ಮಗನಿದ್ದಾನೆ. ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಈ ಸೀಮೆ ನೋಡಲು ಹೊರಟೆವು. ಆಗ್ನೇಯಕ್ಕೆ ಸುಮಾರು 70 ಕಿ.ಮೀ. ಹೋದರೆ ಹಾಲಿ ಸ್ಪ್ರಿಂಗ್ಸ್. ವರ್ಣಭೇದದ ಹತ್ಯೆಗಳ ವಿರುದ್ಧ ಲೇಖನಿ ಹಿಡಿದ ಪತ್ರಕರ್ತೆ ಐಡಾ ಬಿ. ವೆಲ್ಸ್ 1862ರಲ್ಲಿ ಹುಟ್ಟಿದ ಊರಿದು, ಹುಟ್ಟಿದಾಗ ಆಕೆ ಗುಲಾಮಳು. ಗುಲಾಮಗಿರಿ ರದ್ದಾದ ಮರುವರ್ಷವೇ, 1866ರಲ್ಲಿ, ಬಿಡುಗಡೆಯಾದವರಿಗೆ ಅಕ್ಷರ ಕಲಿಸಲು ಶುರುವಾದ ರಸ್ಟ್ ಕಾಲೇಜು ಇಂದಿಗೂ ಇಲ್ಲಿ ನಡೆಯುತ್ತಿದೆ.

ಊರು ದಾಟಿದರೆ ರಸ್ತೆಯ ಎರಡೂ ಕಡೆ ಮರಗಳ ಮೇಲೆ ಯಾರೋ ಹಸಿರು ಕಂಬಳಿ ಹೊದಿಸಿದಂತೆ ಒಂದು ಬಳ್ಳಿ. ಹೆಸರು ಕುಡ್ಜು. ಮಣ್ಣಿನ ಸವಕಳಿ ತಡೆಯಲೆಂದು 1930ರ ದಶಕದಲ್ಲಿ ಸರ್ಕಾರವೇ ಹಂಚಿ ನೆಡಿಸಿದ ಈ ಏಷ್ಯಾದ ಬಳ್ಳಿ ಈಗ ಯಾರ ಹತೋಟಿಗೂ ಸಿಗದು. ನಮ್ಮ ಅವರೆ, ತೊಗರಿಯ ಕುಟುಂಬಕ್ಕೇ ಸೇರಿದ್ದು.

“ದೊಡ್ಡಪ್ಪ, ಈಗ ಕೇಳಿ” ಎಂದು ಹುಡುಗ ಕಾರಿನಲ್ಲಿ ‘ಸ್ವೀಟ್ ಟೀ’ ಹಾಕಿದ. ರಾಕ್ ಅಬ್ಬರಕ್ಕೆ ನಾನು ಕಿವಿ ಗಟ್ಟಿ ಮಾಡಿಕೊಂಡು ಕೂತಿದ್ದರೆ, ಬಂದದ್ದು ಒಂದೇ ಒಂದು ಗಿಟಾರ್, ಅದೂ ವಿದ್ಯುತ್ತಿನದಲ್ಲ, ಮತ್ತು ಒಬ್ಬ ಮುದುಕನ ಕಂಠ. ‘ಡನ್ ಗಾಟ್ ಓಲ್ಡ್’ ಎಂಬ ಈ ಮೊದಲ ಹಾಡಿನಲ್ಲಿ ತಾಳವಾದ್ಯವಿಲ್ಲ, ಚಮತ್ಕಾರವಿಲ್ಲ. ವಯಸ್ಸಾಯಿತು, ಹಿಂದೆ ಮಾಡುತ್ತಿದ್ದುದು ಈಗ ಮಾಡಲಾಗದು ಎಂದಷ್ಟೇ ಅದರ ಅರ್ಥ. ಐವತ್ತು ದಾಟಿದ ನನಗೆ ಅನುವಾದ ಬೇಕಾಗಲಿಲ್ಲ. ಮೂರೂವರೆ ನಿಮಿಷವೂ ಇಲ್ಲದ ಈ ಹಾಡಿಗಾಗಿಯೇ ಇಡೀ ಆಲ್ಬಂ ಕೊಳ್ಳಬಹುದು. ಎರಡನೆಯ ಹಾಡಿಗೆ ಬಂದೊಡನೆ ನೆಲ ನಡುಗುವಂಥ ವಿದ್ಯುತ್ ಗಿಟಾರ್ ನುಗ್ಗುತ್ತದೆ. ಮುದುಕನೆಂದು ಈಗ ತಾನೇ ಒಪ್ಪಿಕೊಂಡವನು ಇವನೇನಾ ಎಂದು ದಿಗಿಲಾಗುತ್ತದೆ!

ಈ ಎರಡೂ ಹಾಡುಗಳನ್ನು ಕಟ್ಟಿದವರು ಜೂನಿಯರ್ ಕಿಂಬ್ರೋ. ಹಾಲಿ ಸ್ಪ್ರಿಂಗ್ಸ್ ಬಳಿಯ ಹಡ್ಸನ್‌ವಿಲ್‌ನಲ್ಲಿ 1930ರಲ್ಲಿ ಹುಟ್ಟಿದವರು. ಹತ್ತಿರದ ಚುಲಹೋಮಾ ಎಂಬ ಹಳ್ಳಿಯಲ್ಲಿ ಅವರದೊಂದು ಜ್ಯೂಕ್ ಜಾಯಿಂಟ್ ಇತ್ತು. ಅಂದರೆ ವಾರವಿಡೀ ಮೈಮುರಿದು ದುಡಿದವರು ಕುಡಿದು, ಉಂಡು, ಕುಣಿಯುವ ಜಾಗ. ಪೋಷಕರು ಹುಬ್ಬೇರಿಸಬಹುದು, ಆದರೆ ಈ ಸಂಗೀತಕ್ಕೆ ಬೇರೆ ಪಾಠಶಾಲೆ ಇರಲಿಲ್ಲ. ಕಿಂಬ್ರೋ ಅವರ ಮೊದಲ ಪೂರ್ಣ ಆಲ್ಬಂ ಬಂದದ್ದು 1992ರಲ್ಲಿ, ಅವರಿಗೆ 60 ದಾಟಿದ ಮೇಲೆ.  ಆಕ್ಸ್‌ಫರ್ಡ್‌ನಲ್ಲಿ ಆಗ ತಾನೇ ಹುಟ್ಟಿದ್ದ ಫ್ಯಾಟ್ ಪಾಸಮ್ ಎಂಬ ಪುಟ್ಟ ಕಂಪೆನಿ ಅದನ್ನು ಹೊರತಂದಿತು. 1998ರ ಜನವರಿಯಲ್ಲಿ ಕಿಂಬ್ರೋ ತೀರಿಕೊಂಡರು. 2000ದ ಏಪ್ರಿಲ್‌ನಲ್ಲಿ ಆ ಕಟ್ಟಡವೂ ಸುಟ್ಟುಹೋಯಿತು. ಆಮೇಲೆ ಒಂದು ವರ್ಷದಲ್ಲಿ ‘ಸ್ವೀಟ್ ಟೀ’ ಬಂತು. ಅದರ ಒಂಬತ್ತು ಹಾಡುಗಳಲ್ಲಿ ನಾಲ್ಕು ಕಿಂಬ್ರೋ ಅವರವೇ. ತನಗಿಂತ ಎಷ್ಟೋ ಪಾಲು ಕಡಿಮೆ ಪ್ರಸಿದ್ಧನಾದ, ಸತ್ತು ಮೂರು ವರ್ಷವಾದ ಒಬ್ಬ ಹಳ್ಳಿಯ ಹಾಡುಗಾರನ ಮುಂದೆ ಷಿಕಾಗೊದ ಈ ಉಸ್ತಾದ ಶಿಷ್ಯನಂತೆ ಕೂತಿದ್ದಾರೆ. ನಾವು ಚುಲಹೋಮಾದ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದೆವು. ಕಂಡದ್ದು ಮರ, ಬಳ್ಳಿ, ಬಿಸಿಲು.

ಕಲಿಯುವುದೇನಿತ್ತು ಎಂದು ಕೇಳಬಹುದು. ಸಾಮಾನ್ಯ ಬ್ಲೂಸ್ ಹಾಡು 12 ಆವರ್ತಗಳಲ್ಲಿ, ಮೂರು ಸ್ವರಗುಚ್ಛಗಳ ಮೇಲೆ ಓಡುತ್ತದೆ. ಷಡ್ಜದಲ್ಲಿ ಹೊರಟು, ಮಧ್ಯಮಕ್ಕೆ ಹೋಗಿ ಬಂದು, ಪಂಚಮ ಮುಟ್ಟಿ ಮತ್ತೆ ಷಡ್ಜಕ್ಕೆ ಮರಳುತ್ತದೆ ಎನ್ನಿ. ಗುಡ್ಡಸೀಮೆಯ ಹಾಡು ಬಹುಮಟ್ಟಿಗೆ ಹೊರಟಲ್ಲೇ ನಿಂತಿರುತ್ತದೆ. ಒಂದೇ ಸ್ವರಗುಚ್ಛ, ಅದರ ಕೆಳಗೆ ತಂಬೂರಿಯ ಶ್ರುತಿಯಂಥ ಮೊರೆತ, ಅದರ ಮೇಲೆ ಬಿಡದೆ ತಿರುಗುವ ಲಯ. ಈ ಲಯದ ನೆಂಟಸ್ತಿಕೆ ಇಲ್ಲಿಯ ಕೊಳಲು-ಡೋಲು ಮೇಳಗಳೊಂದಿಗೆ. ಬಿದಿರಿನ ಜಾತಿಯ ಜೊಂಡಿಗೆ ಕಾದ ಕಬ್ಬಿಣದಿಂದ ತೂತು ಕೊರೆದು ಊದುವ ಈ ಮೇಳಗಳನ್ನು ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1959ರಲ್ಲಿ ಪಕ್ಕದ ಕೋಮೋ ಊರಿನಲ್ಲಿ ಮುದ್ರಿಸಿಕೊಂಡಿದ್ದರು. ತಂಬೂರಿಯ ನಾದದಲ್ಲಿ ಬೆಳೆದ ನಮ್ಮ ಕಿವಿಗೆ ಈ ಬ್ಲೂಸ್ ಬೇಗ ಒಗ್ಗುತ್ತದೆ ಎಂದು ನನ್ನ ಅನಿಸಿಕೆ.

ಏಳನೆಯ ಹಾಡು ‘ಐ ಗಾಟ ಟ್ರೈ ಯೂ ಗರ್ಲ್’ 12 ನಿಮಿಷ ದಾಟುತ್ತದೆ. ಮೊದಲ ಮೂರು ನಿಮಿಷ ‘ಇದೇನು ಹೇಳಿದ್ದನ್ನೇ ಹೇಳುತ್ತಾರಲ್ಲ’ ಎನಿಸುತ್ತದೆ. ಆಮೇಲೆ ಹೇಳಿದ್ದನ್ನು ಹೇಳುವ ರೀತಿ ಪ್ರತಿ ಸಲ ಕೊಂಚ ಬೇರೆಯಾಗುವುದು ಗೊತ್ತಾಗತೊಡಗುತ್ತದೆ. ತಂತಿಯನ್ನು ಅಡ್ಡಕ್ಕೆ ಎಳೆದು ಅವರು ಸ್ವರವನ್ನು ಏರಿಸುವ ಬಗೆ ನೋಡಿ. ವೀಣೆಯವರ ಗಮಕದಂತೆ ಇಲ್ಲಿಯೂ ಕೆಲಸ ಮಾಡುವುದು ಎಳೆತವೇ. ಆವೃತ್ತಿಯು ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಷಡ್ಜವನ್ನು ಚತುಶ್ರುತಿ ರಿಷಭಕ್ಕೆ ಏರಿಸಲು ಸುಮಾರು 26 ಶೇಕಡ ಹೆಚ್ಚು ಬಿಗಿಯಬೇಕು. ಅರವತ್ತು ದಾಟಿದ ಬೆರಳು ಅದನ್ನು ಎಡೆಬಿಡದೆ ಮಾಡುತ್ತಿದೆ! ಇನ್ನು ಆ ಒರಟು ಗುರುಗುಟ್ಟುವಿಕೆ ಎಲ್ಲಿಯದು? ವರ್ಧಕಕ್ಕೆ ಅದರ ಶಕ್ತಿ ಮೀರಿದ ಸಂಕೇತ ಕೊಟ್ಟರೆ ಅಲೆಯ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಆಗ ಮೂಲದಲ್ಲಿಲ್ಲದ ಮೇಲುಸ್ವರಗಳು ಹುಟ್ಟಿಕೊಳ್ಳುತ್ತವೆ. ರೇಡಿಯೊ ರಿಪೇರಿ ಮಾಡುವವನಿಗೆ ಅದು ದೋಷ, ಇವರಿಗೆ ಬಣ್ಣ.

ಎಲ್ಲ ಹಾಡೂ ಒಂದೇ ತೂಕದವಲ್ಲ. ‘ಟ್ರ್ಯಾಂಪ್’ ಹಗುರ ಹಾಡು. ಇಲ್ಲಿ ಅತಿಥಿಯಂತೆ ಕೂತಿದೆ. ಕೊನೆಯದು ಬಡ್ಡಿ ಗೈ ಅವರ ಸ್ವಂತ ರಚನೆ, ಚೆನ್ನಾಗಿದೆ ಎನ್ನಬಹುದು ಅಷ್ಟೆ. ಆದರೆ ಸಿಡೆಲ್ ಡೇವಿಸ್ ಕಟ್ಟಿದ ಆರನೆಯ ಹಾಡನ್ನು ಬಿಡಬೇಡಿ. ನದಿಯಾಚೆಯ ಆರ್ಕನ್ಸಾದವರಾದ ಡೇವಿಸ್‌ಗೆ ಬಾಲ್ಯದಲ್ಲಿ ಪೋಲಿಯೊ ಬಡಿದು ಕೈ ಸ್ವಾಧೀನ ತಪ್ಪಿತು. ಆತ ಗಿಟಾರನ್ನು ತಿರುವಿ ಹಿಡಿದು, ಊಟದ ಮೇಜಿನ ಚಾಕುವನ್ನು ತಂತಿಯ ಮೇಲೆ ಜಾರಿಸಿ ನುಡಿಸುವುದನ್ನು ತಾನೇ ಕಂಡುಕೊಂಡ.

ಸಂಜೆಗೆ ಆಕ್ಸ್‌ಫರ್ಡ್ ತಲುಪಿದೆವು. ಕಾದಂಬರಿಕಾರ ವಿಲಿಯಂ ಫಾಕ್ನರ್ ಅವರ ಮನೆ, ಅಂಗಡಿಗಳ ಚೌಕ, ಓಕ್ ಮರಗಳ ನೆರಳು. ಇಲ್ಲಿಯ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯಕ್ಕೆ 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಮೊದಲ ಕರಿಯ ವಿದ್ಯಾರ್ಥಿ ಸೇರಿದಾಗ ಗಲಭೆಯಾಗಿ ಇಬ್ಬರು ಸತ್ತರು; ಆತನಿಗೆ ತರಗತಿಗೆ ಹೋಗಲು ಕಾವಲು ಬೇಕಾಯಿತು. ಆ ಹೊತ್ತಿಗೆ ಬಡ್ಡಿ ಗೈಗೆ 26 ವರ್ಷ. ಈಗ ಅದೇ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಬ್ಲೂಸ್‌ಗೆಂದೇ ಒಂದು ಸಂಗ್ರಹವಿದೆ, ಬಿ.ಬಿ. ಕಿಂಗ್ ತಮ್ಮ ಸಾವಿರಾರು ಗ್ರಾಮಫೋನ್ ತಟ್ಟೆಗಳನ್ನು ಅದಕ್ಕೆ ಕೊಟ್ಟಿದ್ದಾರೆ.

‘ವಯಸ್ಸಾಯಿತು’ ಎಂದು ಹಾಡಿದ ಬಡ್ಡಿ ಗೈ ಆಮೇಲೂ ಸುಮ್ಮನೆ ಕೂರಲಿಲ್ಲ. 2025ರ ಜುಲೈ 30ರಂದು, 89 ತುಂಬಿದ ದಿನವೇ, ಬ್ಲೂಸ್‌ನೊಂದಿಗೆ ತನ್ನ ಕೆಲಸ ಇನ್ನೂ ಮುಗಿದಿಲ್ಲ ಎಂಬರ್ಥದ ಹೆಸರಿನ ಹೊಸ ಆಲ್ಬಂ ತಂದರು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಈ ಸೀಮೆಯ ಎಷ್ಟೋ ಮಕ್ಕಳು ಗಿಟಾರಿಗೆ ಮೊದಲು ನುಡಿಸಿದ್ದು ಡಿಡ್ಲಿ ಬೋ ಎಂಬ ಒಂಟಿತಂತಿ. ಮೂರಡಿ ಹಲಗೆಯ ಎರಡು ತುದಿಗೆ ಮೊಳೆ ಹೊಡೆದು ತಂತಿ ಬಿಗಿಯಿರಿ. ಒಂದು ತುದಿಯಲ್ಲಿ ತಂತಿಯ ಕೆಳಗೆ ಗಾಜಿನ ಸೀಸೆ ತೂರಿಸಿ. ಬಲಗೈಯಲ್ಲಿ ಮೀಟುತ್ತ, ಎಡಗೈಯಲ್ಲಿ ಇನ್ನೊಂದು ಸೀಸೆಯನ್ನು ತಂತಿಯ ಮೇಲೆ ಜಾರಿಸಿ. ಸರಿಯಾಗಿ ನಡುವಿಗೆ ಬಂದಾಗ ಮೇಲು ಷಡ್ಜ ಸಿಗುತ್ತದೆ. ಅಳತೆಪಟ್ಟಿ ಇಟ್ಟು ನೋಡಿ. ಮೊಳೆ ಹೊಡೆಯುವಾಗ ದೊಡ್ಡವರು ಜೊತೆಗಿರಲಿ, ಬಿಗಿದ ತಂತಿಯ ಹತ್ತಿರ ಮುಖ ತರಬೇಡಿ.