ಹೊಸ ತೆನೆ, ಮೊದಲ ಪ್ರಸಾದ

ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವಿದೆ. ಅದರ ಹೊಸ್ತಿಲು ದಾಟಿದವರ ದೃಷ್ಟಿ ತಾನಾಗಿಯೇ ಮೇಲಕ್ಕೇರುತ್ತದೆ. 1899ರಲ್ಲಿ ಇಟಲಿಯಿಂದ ಈ ಊರಿಗೆ ಬಂದ ಜೆಸ್ವಿತ್ ಸಹೋದರ ಆಂತೋನಿಯೊ ಮೊಸ್ಕೇನಿಯ ಕುಂಚವು ಗೋಡೆ, ಕಮಾನು, ಒಳಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದೆ. ಒಳಮಾಡಿನ ನಡುವೆ ಇರುವುದು ಸಂತ ಅಲೋಶಿಯಸನ ಜೀವನದ ಪ್ರಸಂಗಗಳು. ಈ ಸಂತನು ಪರಮಪ್ರಸಾದವನ್ನು ಮೊದಲ ಬಾರಿಗೆ ಸ್ವೀಕರಿಸಿದ್ದು 1580ರಲ್ಲಿ, ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ. ಆಗ ಅವನಿಗೆ ಹನ್ನೆರಡು ವರ್ಷ.

ಇಂದು ಇದೇ ಊರಿನ ಇಗರ್ಜಿಗಳಲ್ಲಿ ಆ ಪ್ರಸಾದಕ್ಕೆ ಅಣಿಯಾಗುವ ಮಕ್ಕಳು ಅವನಿಗಿಂತ ಎಳೆಯರು. ಹತ್ತನೆಯ ಪಿಯುಸ್ ಪೋಪರ ಕಾಲದಲ್ಲಿ, 1910ರಲ್ಲಿ, ರೋಮಿನಿಂದ ಹೊರಟ ಆಜ್ಞೆಯೇ ಇದಕ್ಕೆ ಕಾರಣ. ಅಲ್ಲಿಯವರೆಗೆ ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷದವರೆಗೂ ಮಕ್ಕಳು ಕಾಯಬೇಕಾಗಿತ್ತು. ವಿವೇಕ ಮೂಡುವ ವಯಸ್ಸು, ಎಂದರೆ ಸುಮಾರು ಏಳು ವರ್ಷ, ಆದರೆ ಸಾಕೆಂದು ಆ ಆಜ್ಞೆಯು ವಿಧಿಸಿತು. ಮಗು ಧರ್ಮಶಾಸ್ತ್ರವನ್ನೆಲ್ಲ ಅರಿತಿರಬೇಕಾಗಿಲ್ಲ. ಪೂಜಾಪೀಠದ ರೊಟ್ಟಿ ದಿನನಿತ್ಯದ ರೊಟ್ಟಿಯಲ್ಲವೆಂಬ ಭೇದವನ್ನು ತಿಳಿದಿರಬೇಕು.

ಕೇಳುವುದಕ್ಕೆ ಸರಳವಾದ ಈ ಮಾತು ಕಲಿಸುವವರಿಗೆ ಅಷ್ಟು ಸರಳವಲ್ಲ. ಧರ್ಮೋಪದೇಶದ ತರಗತಿಯನ್ನು ಇಲ್ಲಿನ ಕೊಂಕಣಿಗರು ‘ದೊತೊರ್ನ್’ ಎನ್ನುತ್ತಾರೆ. ಪ್ರಶ್ನೆ ಕೇಳಿ ಉತ್ತರ ಹೇಳಿಸುವುದು ಅದರ ಹಳೆಯ ಕ್ರಮ. ಆಂಗ್ಲ ಜೆಸ್ವಿತ್ ಪಾದ್ರಿ ತೋಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ರಚಿಸಿದ ಉಪದೇಶಗ್ರಂಥ 1622ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದಾಗಲೂ ಇದೇ ಕ್ರಮವಿತ್ತು. ಮಂಗಳೂರಿನ ಕ್ರೈಸ್ತರ ಕೊಂಕಣಿಯಾದರೋ ಕನ್ನಡ ಲಿಪಿಯಲ್ಲಿ ಬಾಳಿದೆ. ಆದುದರಿಂದ ಇಂಗ್ಲಿಷ್ ಶಾಲೆಗೆ ಹೋಗುವ ಮಗುವೂ ಅಜ್ಜಿಯ ಪ್ರಾರ್ಥನಾಪುಸ್ತಕವನ್ನು ಓದಬೇಕಾದರೆ ಕನ್ನಡದ ಅಕ್ಷರಗಳನ್ನು ಒಲಿಸಿಕೊಳ್ಳಲೇಬೇಕು.

ಪ್ರಸಾದಕ್ಕೆ ಮೊದಲು ಪಾಪನಿವೇದನೆ, ಕೊಂಕಣಿಯಲ್ಲಿ ‘ಕುಮ್ಸಾರ್’. ತಮ್ಮನು ಸಕ್ಕರೆ ಕದ್ದನೆಂದು ದೂರು ಹೇಳಲು ಯಾವ ಮಗುವಿಗೂ ಸಂಕೋಚವಿಲ್ಲ. ‘ನಾನು ಕದ್ದೆ’ ಎಂದು ತನ್ನ ಬಾಯಿಂದಲೇ ಹೇಳುವುದು ಬೇರೆ ವಿದ್ಯೆ. ಭಯ ಹುಟ್ಟಿಸದೆ ಅದನ್ನು ಕಲಿಸಬೇಕಾಗಿದೆ. ಉಪದೇಶಕರ ತಾಳ್ಮೆಗೆ ನಿಜವಾದ ಪರೀಕ್ಷೆ ಇಲ್ಲಿಯೇ.

ಇನ್ನು ಆ ರೊಟ್ಟಿಯ ಮಾತು. ಬರಿಯ ಗೋಧಿಹಿಟ್ಟು, ನೀರು, ಹುಳಿಯಿಲ್ಲ, ಉಪ್ಪಿಲ್ಲ. ಅನ್ನವುಣ್ಣುವ ಕರಾವಳಿಯ ಮಗುವಿಗೆ ಇದು ಪರನಾಡಿನ ಆಹಾರವೇ ಸರಿ. ಆದರೆ ಅದರ ಅರ್ಥಕ್ಕೆ ಬೇಕಾದ ಪಾಠ ಮನೆಯಲ್ಲಿ ಮೊದಲೇ ನಡೆದಿರುತ್ತದೆ. ಸೆಪ್ಟೆಂಬರ್ 8, ಮರಿಯಮ್ಮನ ಜನ್ಮದಿನ, ಇಲ್ಲಿಯವರ ‘ಮೊಂತಿ ಫೆಸ್ತ್’. ಅದಕ್ಕೆ ಹಿಂದಿನ ಒಂಬತ್ತು ದಿನಗಳೂ ಮಕ್ಕಳು ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಹೋಗುತ್ತಾರೆ. ಹಬ್ಬದ ದಿನ ಮಂತ್ರಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕೆಲವೇ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದು ಮೀನಿಲ್ಲ, ಮಾಂಸವಿಲ್ಲ. ದೂರದೇಶದಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವವರೂ ಉಂಟು. ಹೊಟ್ಟೆ ತುಂಬಿಸುವ ಅನ್ನವೊಂದು, ಒಬ್ಬರನ್ನೊಬ್ಬರಿಗೆ ಸೇರಿಸುವ ಅನ್ನ ಇನ್ನೊಂದು ಎಂಬುದು ಅಲ್ಲಿ ಯಾರೂ ವಿವರಿಸದೆಯೇ ಮಗುವಿಗೆ ತಿಳಿಯುತ್ತದೆ. ಇದು ಸಂಸ್ಕಾರಕ್ಕೆ ಸಮಾನವಲ್ಲ. ಅದರ ಕಡೆಗೆ ತೆರೆದ ಬಾಗಿಲು.

ಈಗ ನಗರದ ಅನೇಕ ಗದ್ದೆಗಳಲ್ಲಿ ಕಟ್ಟಡಗಳೆದ್ದಿವೆ. ಭತ್ತ ಬೆಳೆಯುವುದನ್ನೇ ಕಾಣದ ಮಕ್ಕಳು ಬಿಳಿಯ ಉಡುಪು ತೊಟ್ಟು, ಮೇಣದ ಬತ್ತಿ ಹಿಡಿದು ಮೊದಲ ಪ್ರಸಾದಕ್ಕೆ ಸಾಲಾಗಿ ನಡೆಯುತ್ತಾರೆ. ಉಡುಪು, ಔತಣ, ಭಾವಚಿತ್ರಗಳ ಸಂಭ್ರಮಕ್ಕೆ ಕೊರತೆಯಿಲ್ಲ. ಆದರೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಹಂಚಿ ಉಣ್ಣುವ ರೂಢಿ ತಪ್ಪಿದರೆ, ಆ ಎರಡು ರೊಟ್ಟಿಗಳ ಭೇದವನ್ನು ವಾರಕ್ಕೊಂದು ಗಂಟೆಯ ತರಗತಿ ಒಂಟಿಯಾಗಿ ಹೇಗೆ ಕಲಿಸೀತು?