ಕೋಳಿಮೊಟ್ಟೆಯಿಂದ ಬಂದ ಡೈನೋಸಾರ್

ಭಾನುವಾರ ಮಧ್ಯಾಹ್ನ ಟೀವಿ ಹಾಕಿದರೆ ಯಾವುದಾದರೂ ಒಂದು ಚಾನೆಲ್ಲಿನಲ್ಲಿ ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ ಓಡುತ್ತಿರುತ್ತದೆ. ಹೆಸರು ಎಲ್ಲೋ ಕೇಳಿದ ಹಾಗಿರುತ್ತದೆ. ಕಥೆಯೂ ಎಲ್ಲೋ ನೋಡಿದ ಹಾಗಿರುತ್ತದೆ. ಆದರೆ ಶಾರ್ಕ್ ಮೀನು ನೀರಿನಲ್ಲಿ ಈಜುತ್ತಿರುವ ಹಾಗಲ್ಲ, ನೀರಿನ ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ. ಹಾವಿನ ಬಾಯಿ ತೆರೆದರೆ ಒಳಗೆ ನಾಲಿಗೆಗಿಂತ ರಬ್ಬರೇ ಹೆಚ್ಚು. ನಮ್ಮ ಮನೆಯಲ್ಲಿ ಇಂಥವಕ್ಕೆ ‘ಜೆರಾಕ್ಸ್ ಪಿಕ್ಚರ್’ ಎಂದು ಹೆಸರು. ಮನೆಯವರು ನಕ್ಕು ಚಾನೆಲ್ ಬದಲಿಸುತ್ತಾರೆ, ನಾನು ಬಿಡುವುದಿಲ್ಲ. ಏಕೆಂದರೆ ನಾನು ಅಸಲಿಗಿಂತ ಮೊದಲು ನಕಲನ್ನು ನೋಡಿ ಬೆಳೆದವನು.

ನಮ್ಮೂರು ನ್ಯಾಮತಿ. ಈಗ ತಾಲ್ಲೂಕು ಕೇಂದ್ರ, ದಾವಣಗೆರೆ ಜಿಲ್ಲೆ. ನಾನು ಹೇಳುತ್ತಿರುವುದು 1995ರ ಮಾತು. ಆಗ ನಾವು ಹೊನ್ನಾಳಿ ತಾಲ್ಲೂಕಿನವರು, ಶಿವಮೊಗ್ಗ ಜಿಲ್ಲೆಯವರು. ಗಣಪತಿ ಹಬ್ಬ ಬಂತೆಂದರೆ ಒಂದು ರಾತ್ರಿ ‘ವಿಡಿಯೋ ಹಾಕಿಸುವುದು’ ಇದ್ದೇ ಇರುತ್ತಿತ್ತು. ಬಾಡಿಗೆಗೆ ಒಂದು ಕಲರ್ ಟೀವಿ, ಒಂದು ವಿಸಿಪಿ, ಮೂರು ಕ್ಯಾಸೆಟ್. ಪೆಂಡಾಲಿನ ಮುಂದೆ ಗೋಣಿಚೀಲ, ಚಾಪೆ ಹಾಸಿಕೊಂಡು ಬೆಳಗಿನ ಜಾವದವರೆಗೆ ಮೂರು ಸಿನಿಮಾ. ಮೊದಲನೆಯದು ಅಣ್ಣಾವ್ರದ್ದು. ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ.

ಆ ವರ್ಷ ಹುಡುಗರದ್ದೆಲ್ಲ ಒಂದೇ ಹಟ, ಡೈನೋಸಾರ್ ಬೇಕು. ಸ್ಟೀವನ್ ಸ್ಪೀಲ್‌ಬರ್ಗ್ ಮಾಡಿದ ‘ಜುರಾಸಿಕ್ ಪಾರ್ಕ್’ 1993ರಲ್ಲಿ ಅಮೆರಿಕದಲ್ಲಿ ಬಂದು, ಮರುವರ್ಷ ಹಿಂದಿ ಮಾತಿನೊಂದಿಗೆ ನಮ್ಮ ದೇಶಕ್ಕೂ ಬಂದಿತ್ತು. ಶಿವಮೊಗ್ಗದಲ್ಲಿ ನೋಡಿ ಬಂದವನೊಬ್ಬ ಶಾಲೆಯಲ್ಲಿ ಒಂದು ತಿಂಗಳು ರಾಜನಂತೆ ಮೆರೆದಿದ್ದ. ಕ್ಯಾಸೆಟ್ ತರುವ ಕೆಲಸ ನನ್ನ ಸೋದರಮಾವನ ಪಾಲಿಗೆ ಬಂತು. ಮಾವ ನಾಟಕದ ಸೀನ್ಸ್ ಬಾಡಿಗೆ ಕೊಡುವವರ ಬಳಿ ಪರದೆ ಬರೆಯುವ ಕೆಲಸ ಮಾಡುತ್ತಿದ್ದ. ದರ್ಬಾರು, ಕಾಡು, ಬೀದಿ, ಕಾರಾಗೃಹ ಎಲ್ಲ ಅವನ ಕುಂಚದಲ್ಲೇ ಇದ್ದವು. ಊರೂರು ಸುತ್ತಿದವನು, ಅವನಿಗೆ ಗೊತ್ತಿಲ್ಲದ ಅಂಗಡಿಯಿಲ್ಲ ಎಂಬ ನಂಬಿಕೆ. ಸಂಜೆ ಬಸ್ಸಿನಲ್ಲಿ ಟೀವಿಯನ್ನು ಜಮಖಾನೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಕ್ಯಾಸೆಟ್ಟಿನ ಮೇಲೆ ಚೀಟಿ ಅಂಟಿಸಿ ಪೆನ್ನಿನಲ್ಲಿ ಬರೆದಿತ್ತು: ‘ಡೈನೋಸಾರ್’. ಅಷ್ಟೇ.

ನಡುರಾತ್ರಿ ಅದು ಶುರುವಾಯಿತು. ದ್ವೀಪ ಬರಲಿಲ್ಲ, ಜೀಪು ಬರಲಿಲ್ಲ. ಬಂದದ್ದು ಕೋಳಿ! ಸಾಲು ಸಾಲು ಕೋಳಿ. ಆಮೇಲೆ ಕೋಳಿ ಸಾಗಿಸುವ ಲಾರಿಯೊಳಗಿನಿಂದ ಒಂದು ಮರಿರಾಕ್ಷಸ ಎದ್ದು ಬಂತು. ಆಮೇಲೆ ರಕ್ತವೋ ರಕ್ತ. ಶಿವಮೊಗ್ಗದಲ್ಲಿ ಅಸಲಿ ನೋಡಿ ಬಂದಿದ್ದವನು ಎದ್ದುನಿಂತು ‘ಇದು ಅದಲ್ಲ’ ಎಂದು ಕೂಗಿದ. ಇನ್ನೂ ಅರ್ಧ ಆಗಿರಲಿಲ್ಲ, ಹಿರಿಯರೊಬ್ಬರು ಬಂದು, “ಏನ್ರೋ ಇದು, ದೇವರ ಮುಂದೆ ಹಾಕೋ ಪಿಕ್ಚರೇನ್ರೋ? ಬಂದ್ ಮಾಡ್ರಿ ಮೊದಲು!” ಎಂದು ಪ್ಲಗ್ಗನ್ನೇ ಕಿತ್ತರು. ಮಾರನೇ ದಿನ ಪಟ್ಟಿ ಕೊಟ್ಟಿದ್ದವರೆಲ್ಲ ಮಾವನನ್ನು ನಿಲ್ಲಿಸಿ ಕೇಳುವವರೇ. ಅಂಗಡಿಯವನು ಸುಳ್ಳು ಹೇಳಿದನೋ, ಇವನೇ ಕಡಿಮೆ ಬಾಡಿಗೆಯದ್ದು ತಂದನೋ ಎಂದು ಊರು ಎರಡು ಭಾಗವಾಯಿತು. ಮಾವ ಒಂದೇ ಮಾತು ಹೇಳುತ್ತಿದ್ದ: “ಡೈನೋಸಾರ್ ಕೇಳಿದ್ರಿ. ಡೈನೋಸಾರ್ ಇತ್ತೋ ಇಲ್ವೋ?”

ಆ ಸಿನಿಮಾದ ಹೆಸರು ‘ಕಾರ್ನೋಸಾರ್’ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ತಿಳಿದಷ್ಟೂ ಅದರ ಕಥೆ ಸ್ವಾರಸ್ಯವಾಗುತ್ತ ಹೋಯಿತು. ಅದನ್ನು ಮಾಡಿಸಿದವರು ರೋಜರ್ ಕಾರ್ಮನ್, ಹಾಲಿವುಡ್ಡಿನಲ್ಲಿ ಕಡಿಮೆ ದುಡ್ಡಿನ ಸಿನಿಮಾಗಳ ದೊಡ್ಡ ಯಜಮಾನ. ‘ಜುರಾಸಿಕ್ ಪಾರ್ಕ್’ಗೆ ಸುಮಾರು 6 ಕೋಟಿ 30 ಲಕ್ಷ ಡಾಲರ್ ಖರ್ಚಾದರೆ, ‘ಕಾರ್ನೋಸಾರ್’ ಹತ್ತು ಲಕ್ಷ ಡಾಲರೊಳಗೇ ಮುಗಿಯಿತು. ದೊಡ್ಡ ಸಿನಿಮಾ 1993ರ ಜೂನ್‌ನಲ್ಲಿ ಬರುತ್ತದೆಂದು ಜಗತ್ತಿಗೆಲ್ಲ ಗೊತ್ತಿತ್ತು. ಕಾರ್ಮನ್ ತಮ್ಮದನ್ನು ಮೇ ತಿಂಗಳಲ್ಲೇ ಬಿಟ್ಟರು. ಮೆರವಣಿಗೆ ಬರುವ ಮೊದಲೇ ದಾರಿಯಲ್ಲಿ ಮಂಡಕ್ಕಿ ಅಂಗಡಿ ಇಟ್ಟ ಹಾಗೆ.

ಇನ್ನೂ ಒಂದು ತಮಾಷೆಯಿದೆ. ‘ಜುರಾಸಿಕ್ ಪಾರ್ಕ್’ನ ನಾಯಕಿ ಲಾರಾ ಡರ್ನ್. ‘ಕಾರ್ನೋಸಾರ್’ನಲ್ಲಿ ತಲೆಕೆಟ್ಟ ವಿಜ್ಞಾನಿಯಾಗಿ ಕೋಳಿಯಿಂದ ಡೈನೋಸಾರ್ ಹುಟ್ಟಿಸುವಾಕೆ ಡಯಾನ್ ಲ್ಯಾಡ್, ಲಾರಾ ಅವರ ಹೆತ್ತ ತಾಯಿ! ಅಲ್ಲಿ ಮಗಳು, ಇಲ್ಲಿ ಅಮ್ಮ. ಹಾಗೆ ನೋಡಿದರೆ ಇದನ್ನು ಶುದ್ಧ ನಕಲು ಎನ್ನುವುದೂ ಕಷ್ಟ. ‘ಕಾರ್ನೋಸಾರ್’ ಎಂಬ ಕಾದಂಬರಿ 1984ರಲ್ಲೇ ಬಂದಿತ್ತು. ಮೈಕೆಲ್ ಕ್ರೈಟನ್ನರ ‘ಜುರಾಸಿಕ್ ಪಾರ್ಕ್’ ಕಾದಂಬರಿ ಬಂದದ್ದು 1990ರಲ್ಲಿ. ಪುಸ್ತಕದ ಲೆಕ್ಕದಲ್ಲಿ ಕೋಳಿಯ ಡೈನೋಸಾರೇ ಅಣ್ಣ. ಆದರೂ ಆರು ವರ್ಷ ಮೂಲೆಯಲ್ಲಿ ಕೂತಿದ್ದ ಅಣ್ಣನಿಗೆ ಸಿನಿಮಾ ಆಗುವ ಯೋಗ ಬಂದದ್ದು ತಮ್ಮನ ಮದುವೆ ನಿಶ್ಚಯವಾದ ಮೇಲೆ. ಮಾವನಿಗೆ ಇದನ್ನು ಹೇಳಿದಾಗ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಊರಿನ ಜಗಳ ನಾಲ್ಕು ದಿನದಲ್ಲಿ ತಣ್ಣಗಾಯಿತು. ನಮ್ಮ ಮನೆಯಲ್ಲಿ ಮಾತ್ರ ನಿಜವಾದ ತೊಂದರೆ ಆಗ ಶುರುವಾಯಿತು. ನನ್ನ ತಂಗಿಗೆ ಆಗ ಆರು ವರ್ಷ. ಹಿತ್ತಿಲಲ್ಲಿ ಅಜ್ಜಿ ಒಂದು ಕೋಳಿಯನ್ನು ಮಂಕರಿಯೊಳಗೆ ಕಾವಿಗೆ ಕೂರಿಸಿದ್ದಳು. ಹಬ್ಬದ ಮಾರನೇ ದಿನದಿಂದ ತಂಗಿ ಹಿತ್ತಿಲಿಗೆ ಕಾಲಿಡಲಿಲ್ಲ. ಬಚ್ಚಲುಮನೆ ಇದ್ದದ್ದು ಹಿತ್ತಿಲಲ್ಲೇ. ಅವ್ವ ಎತ್ತಿಕೊಂಡು ಹೋದರೆ ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದಳು. ರಾತ್ರಿ ಮಂಕರಿಯೊಳಗಿನ ಕೋಳಿ ಕುಟುಕುಟು ಎಂದರೆ ಸಾಕು, ಎದ್ದು ಕೂತು ಬೆವರುತ್ತಿದ್ದಳು. ಅಂತ್ರ ಕಟ್ಟಿಸಿದರು, ದೃಷ್ಟಿ ತೆಗೆದರು. “ಅದೆಲ್ಲ ಸುಳ್ಳು ಕಣವ್ವಾ” ಎಂದು ಎಲ್ಲರೂ ಹೇಳಿದರು. ಮಕ್ಕಳಿಗೆ ಸುಳ್ಳು ಎಂದ ಮಾತ್ರಕ್ಕೆ ಭಯ ಹೋಗುತ್ತದೆಯೇ? ಕಣ್ಣಾರೆ ಕಂಡಿದ್ದಾಳೆ ಅವಳು. ಅದೂ ಅರ್ಧ ಮಾತ್ರ ಕಂಡಿದ್ದಾಳೆ. ಪ್ಲಗ್ ಕಿತ್ತದ್ದರಿಂದ ಆ ರಾಕ್ಷಸ ಸತ್ತದ್ದನ್ನು ನಾವ್ಯಾರೂ ನೋಡಿರಲಿಲ್ಲ. ತಂಗಿಯ ಲೆಕ್ಕದಲ್ಲಿ ಅದು ಇನ್ನೂ ಎಲ್ಲೋ ಓಡಾಡುತ್ತಲೇ ಇತ್ತು.

ಕೋಳಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಅಜ್ಜಿ ಹೊರಟಾಗ ಮಾವ ತಡೆದ. ಒಂದು ಭಾನುವಾರ ತಂಗಿಯನ್ನೂ ನನ್ನನ್ನೂ ಪರದೆ ಬರೆಯುವ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಸುರಹೊನ್ನೆ ಕಡೆಯವರ ನಾಟಕಕ್ಕೆ ಬಕಾಸುರನ ತಲೆಯೊಂದು ಬೇಕಾಗಿತ್ತು. ಬಿದಿರು ದೆಬ್ಬೆಯ ಬುಟ್ಟಿ, ಅದರ ಮೇಲೆ ಹಳೇ ಪೇಪರು, ಮೈದಾ ಗೋಂದು. ಮೇಲೊಂದು ಪದರ, ಒಣಗಿದ ಮೇಲೆ ಮತ್ತೊಂದು ಪದರ. ಗೋಂದಿನಲ್ಲಿ ಪೇಪರು ಅದ್ದುವ ಕೆಲಸ ತಂಗಿಗೆ. ಲಾರಿ ಟ್ಯೂಬು ಕತ್ತರಿಸಿ ನಾಲಿಗೆ ಮಾಡಿದರು. ಹಲ್ಲಿಗೆ ಥರ್ಮೋಕೋಲು. ಕೆಳದವಡೆಗೆ ಸೈಕಲ್ ಬ್ರೇಕಿನ ವೈರು ಕಟ್ಟಿ ಹಿಂದಿನಿಂದ ಎಳೆದರೆ ಬಾಯಿ ಕಚಕ್ಕನೆ ಮುಚ್ಚುತ್ತಿತ್ತು. ಮೂರನೇ ಭಾನುವಾರ ಮಾವ ಆ ವೈರನ್ನು ತಂಗಿಯ ಕೈಗೆ ಕೊಟ್ಟ. ಅವಳು ಎಳೆದಳು. ಬಾಯಿ ಮುಚ್ಚಿತು. ಬಿಟ್ಟಳು, ತೆರೆಯಿತು. ಮತ್ತೆ ಎಳೆದಳು. ಎಷ್ಟು ಸಲ ಎಳೆದಳೆಂದರೆ ವೈರು ಕಿತ್ತು ಬಂತು.

“ಆ ಟೀವಿಯೊಳಗಿನದಕ್ಕೂ ಹಿಂದೆ ಯಾರೋ ಒಬ್ಬ ವೈರ್ ಹಿಡ್ಕೊಂಡು ಕೂತಿದ್ದ. ಪಾಪ, ಅವನಿಗೆ ಕೈ ನೋವು ಬಂದಿರ್ತದೆ” ಎಂದ ಮಾವ.

ಆ ಸಂಜೆ ತಂಗಿ ಹಿತ್ತಿಲಿಗೆ ಹೋಗಿ ಮಂಕರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಂದಿಯಿಂದ ಕೋಳಿಯನ್ನು ತುಂಬ ಹೊತ್ತು ನೋಡುತ್ತಿದ್ದಳು. ಮರಿಗಳು ಹೊರಬಂದಾಗ ಅವಳೇ ಎಣಿಸಿದ್ದು.

ನಾನು ಜೆರಾಕ್ಸ್ ಪಿಕ್ಚರುಗಳ ಪರ ವಹಿಸುವುದು ಈ ಕಾರಣಕ್ಕೆ. ದೊಡ್ಡ ಸಿನಿಮಾ ತನ್ನ ಹೊಲಿಗೆಯನ್ನು ಕಾಣಿಸುವುದೇ ಇಲ್ಲ. ಅದಕ್ಕೇ ಅಷ್ಟು ದುಡ್ಡು ಸುರಿಯುವುದು. ಬಡ ಸಿನಿಮಾದಲ್ಲಿ ಹೊಲಿಗೆ ಎದ್ದು ಕಾಣುತ್ತದೆ. ಮಗು ಕೂಡ ‘ಇದನ್ನು ಯಾರೋ ಮಾಡಿದ್ದಾರೆ’ ಎಂದು ಕಂಡುಹಿಡಿಯಬಹುದು. ಅದಾದ ಮೇಲೆ ‘ಹೇಗೆ ಮಾಡಿದರು?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ನಮ್ಮ ಹಳ್ಳಿ ನಾಟಕಗಳೂ ಹೀಗೇ ಅಲ್ಲವೇ? ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅದನ್ನು ನೋಡಿ ಬಂದ ಊರಿನವರು ತಮ್ಮೂರಿನಲ್ಲಿ ಏನು ಮಾಡಬೇಕು? ರಟ್ಟಿನ ಆನೆ ಮಾಡಿದರು. ಆ ರಟ್ಟಿನ ಆನೆಯ ಹೊಟ್ಟೆಯಲ್ಲಿ ಎಷ್ಟು ಜನ ಕೆಲಸ ಕಲಿತರೋ!

ಕಾರ್ಮನ್ನರ ಶೆಡ್ಡಿನಲ್ಲೂ ಕಲಿತವರಿದ್ದಾರೆ. 1979ರಲ್ಲಿ ‘ಏಲಿಯನ್’ ಬಂತು. ಬಾಹ್ಯಾಕಾಶ ನೌಕೆಯೊಳಗೆ ಅಡಗಿದ ಜೀವಿ ಒಬ್ಬೊಬ್ಬರನ್ನೇ ಮುಗಿಸುವ ಕಥೆ. ಅದು ಗೆದ್ದದ್ದೇ ತಡ, ಕಾರ್ಮನ್ 1981ರಲ್ಲಿ ‘ಗ್ಯಾಲಕ್ಸಿ ಆಫ್ ಟೆರರ್’ ಮಾಡಿಸಿದರು. ಅದರ ಸೆಟ್ಟು ಹಾಕಿದ ಹುಡುಗರಿಗೆ ನೌಕೆಯ ಗೋಡೆಗೆ ದುಡ್ಡಿರಲಿಲ್ಲ. ಬರ್ಗರ್ ಹಾಕಿಕೊಡುವ ಥರ್ಮೋಕೋಲ್ ಡಬ್ಬಿಗಳನ್ನು ಸಾಲಾಗಿ ಅಂಟಿಸಿ ಬಣ್ಣ ಬಳಿದರು. ಒಂದು ದೃಶ್ಯದಲ್ಲಿ ತುಂಡಾದ ಕೈಯ ಮೇಲೆ ಹುಳು ಹರಿದಾಡಬೇಕು. ಹುಳುಗಳು ಕ್ಯಾಮೆರಾ ಮುಂದೆ ಸುಮ್ಮನೆ ಬಿದ್ದುಕೊಂಡವು. ಆ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗ ಸಣ್ಣಗೆ ಕರೆಂಟು ಹಾಯಿಸಿದ. ‘ಆಕ್ಷನ್’ ಎಂದಾಗ ಹುಳುಗಳು ವಿಲವಿಲ ಒದ್ದಾಡಿದವು, ‘ಕಟ್’ ಎಂದಾಗ ಸುಮ್ಮನಾದವು. ಅಲ್ಲಿಗೆ ಬಂದಿದ್ದ ಇಬ್ಬರು ನಿರ್ಮಾಪಕರು, ಹುಳುಗಳಿಂದಲೇ ಅಭಿನಯ ತೆಗೆಸುವವನು ಮನುಷ್ಯರಿಂದ ತೆಗೆಸುವುದಿಲ್ಲವೇ ಎಂದುಕೊಂಡರಂತೆ.

ಆ ಹುಡುಗ ಜೇಮ್ಸ್ ಕ್ಯಾಮೆರಾನ್. ಮುಂದೆ 1984ರಲ್ಲಿ ‘ಟರ್ಮಿನೇಟರ್’, 1997ರಲ್ಲಿ ‘ಟೈಟಾನಿಕ್’, 2009ರಲ್ಲಿ ‘ಅವತಾರ್’ ಮಾಡಿದವರು. ಇವೆಲ್ಲಕ್ಕಿಂತ ನನಗೆ ಇಷ್ಟವಾಗುವುದು ನಡುವಿನ 1986ರ ಸಂಗತಿ. ಅಸಲಿ ‘ಏಲಿಯನ್’ನ ಮುಂದಿನ ಭಾಗ ‘ಏಲಿಯನ್ಸ್’ಗೆ ನಿರ್ದೇಶಕರಾದದ್ದು ಇದೇ ಕ್ಯಾಮೆರಾನ್. ನಕಲಿನ ಗೋಡೆಗೆ ಡಬ್ಬಿ ಅಂಟಿಸಿದವರನ್ನೇ ಅಸಲಿನ ಮನೆಯವರು ಕರೆದು ಕೀಲಿಕೈ ಕೊಟ್ಟರು. ತಮಾಷೆ ಅಲ್ಲಿಗೂ ಮುಗಿಯಲಿಲ್ಲ. ಕಾರ್ಮನ್ ಸುಮ್ಮನಿರುತ್ತಾರೆಯೇ? ‘ಕಾರ್ನೋಸಾರ್ 2’ 1995ರಲ್ಲಿ ಬಂತು. ನೋಡಿದರೆ ಅದು ಡೈನೋಸಾರ್ ಹಾಕಿದ ‘ಏಲಿಯನ್ಸ್’!

ನಮ್ಮಲ್ಲೂ ಇಂಥ ಪರಂಪರೆ ಇಲ್ಲದಿಲ್ಲ. ಜೇಮ್ಸ್ ಬಾಂಡ್ ನೋಡಿದ ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿತು. ಬಾಂಡ್ ಹತ್ತಿರ ಇದ್ದ ದುಡ್ಡು ಇರಲಿಲ್ಲ, ಬಣ್ಣವೂ ಇರಲಿಲ್ಲ, ಕಪ್ಪುಬಿಳುಪು ಚಿತ್ರ. ಅದನ್ನು ನಕಲು ಎಂದು ಯಾರು ಬೈದರು? ಅಣ್ಣಾವ್ರು ಕೋಟು ಹಾಕಿ ನಿಂತ ಕೂಡಲೇ ಅದು ನಮ್ಮದಾಯಿತು.

ಎಲ್ಲ ನಕಲನ್ನೂ ನಾನು ಹೊಗಳುತ್ತೇನೆ ಎಂದುಕೊಳ್ಳಬೇಡಿ. ಹೆಸರು ನಂಬಿಸಿ ಮಾರುವ ವ್ಯಾಪಾರವೇ ಬೇರೆ. 2006ರಲ್ಲಿ ವಿಮಾನದೊಳಗೆ ಹಾವು ಬಿಡುವ ‘ಸ್ನೇಕ್ಸ್ ಆನ್ ಎ ಪ್ಲೇನ್’ ಬರುವುದಿತ್ತು. ಅಮೆರಿಕದ ‘ದಿ ಅಸೈಲಂ’ ಎಂಬ ಕಂಪನಿ ಅದೇ ಸಮಯಕ್ಕೆ ರೈಲಿನೊಳಗೆ ಹಾವು ಬಿಟ್ಟು ‘ಸ್ನೇಕ್ಸ್ ಆನ್ ಎ ಟ್ರೇನ್’ ಡಿವಿಡಿ ತಂದಿತು. ಮರುವರ್ಷ ‘ಟ್ರಾನ್ಸ್‌ಫಾರ್ಮರ್ಸ್’ಗೆ ಎದುರಾಗಿ ‘ಟ್ರಾನ್ಸ್‌ಮಾರ್ಫರ್ಸ್’. ಮಗುವಿಗೆ ಬೇಕಾದದ್ದು ಇದೇ ಇರಬೇಕೆಂದು ಅಜ್ಜನೋ ಅಜ್ಜಿಯೋ ಕೊಂಡು ತರಲಿ ಎಂಬಂತಿರುವ ಹೆಸರು. ಇಂಥವಕ್ಕೆ ‘ಮಾಕ್‌ಬಸ್ಟರ್’ ಎಂದೇ ಹೆಸರು ಬಿದ್ದಿದೆ. ಇನ್ನೊಂದು ಮಾತು: ‘ಜುರಾಸಿಕ್ ಪಾರ್ಕ್’ ಅನ್ನು ಮಕ್ಕಳು ದೊಡ್ಡವರ ಪಕ್ಕ ಕೂತು ನೋಡಬಹುದು, ‘ಕಾರ್ನೋಸಾರ್’ ದೊಡ್ಡವರಿಗೆಂದೇ ಮಾಡಿದ್ದು. ದುಡ್ಡು ಕಡಿಮೆಯಿದ್ದ ಕಡೆ ರಕ್ತ ಹೆಚ್ಚು, ಏಕೆಂದರೆ ರಕ್ತ ಅಗ್ಗ. ಹೆಸರು ಒಂದೇ ತರಹ ಇದೆಯೆಂದು ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಮೊದಲ ಹತ್ತು ನಿಮಿಷ ಪಕ್ಕದಲ್ಲಿ ಕೂತರೆ ಎಲ್ಲ ಗೊತ್ತಾಗುತ್ತದೆ. ನಿಲ್ಲಿಸಲೇಬೇಕಾದರೆ, ರಾಕ್ಷಸ ಕಡೆಗೆ ಏನಾಯಿತೆಂದಾದರೂ ಹೇಳಿಬಿಡಿ. ‘ಕಾರ್ನೋಸಾರ್’ನದ್ದನ್ನು ಜೆಸಿಬಿಯಂಥ ಪುಟ್ಟ ಲೋಡರ್ ಗಾಡಿಯಿಂದ ಹೊಡೆಯುತ್ತಾರೆ. ನಮ್ಮ ತಂಗಿಗೆ ಅಷ್ಟು ಯಾರಾದರೂ ಹೇಳಿದ್ದರೆ ಅವ್ವನಿಗೆ ಮೂರು ವಾರದ ನಿದ್ದೆ ಉಳಿಯುತ್ತಿತ್ತು.

ಬಕಾಸುರನ ತಲೆ ಬಹಳ ವರ್ಷ ಬಾಡಿಗೆಗೆ ಓಡಾಡಿತು. ಬಣ್ಣ ಬದಲಿಸಿ ಘಟೋತ್ಕಚನಾಯಿತು, ಇನ್ನೊಮ್ಮೆ ಮಹಿಷಾಸುರನಾಯಿತು. ಕೊನೆಗೆ ಮೈದಾ ರುಚಿಗೆ ಇಲಿಗಳು ತಿಂದು ಹಾಕಿದವು. ಮಾವನಿಗೆ ಈಗ ವಯಸ್ಸಾಗಿದೆ, ಕೈ ನಡುಗುತ್ತದೆ, ಪರದೆಗಳೂ ಫ್ಲೆಕ್ಸಾಗಿವೆ.

ಈ ಬೇಸಿಗೆ ರಜೆಯಲ್ಲಿ ನನ್ನ ಮಗಳೂ ತಂಗಿಯ ಮಕ್ಕಳೂ ಸೇರಿ ಮೊಬೈಲಿನಲ್ಲಿ ಒಂದು ಸಿನಿಮಾ ತೆಗೆಯುತ್ತಿದ್ದಾರೆ. ಅನ್ಯಗ್ರಹದಿಂದ ಬಂದ ಜೀವಿ ಅಡಿಕೆ ತೋಟದಲ್ಲಿ ಇಳಿಯುವ ಕಥೆ. ಜೀವಿಯ ಕಾಲಿಗೆ ಅಡಿಕೆ ಹಾಳೆ, ಕಣ್ಣಿಗೆ ಟಾರ್ಚು. ಕಥೆ ಎಲ್ಲಿಂದ ಕದ್ದದ್ದೆಂದು ನನಗೆ ಚೆನ್ನಾಗಿ ಗೊತ್ತು, ನಾನು ಕೇಳಲಿಲ್ಲ. ರಕ್ತ ಬೇಕೆಂದು ಮಗಳು ಮಾವನಿಗೇ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ನಾವೆಲ್ಲ ಕೇಳಿಸಿಕೊಂಡೆವು.

“ನಾಟಕದಾಗೆ ನಾವು ಅರಿಶಿನಕ್ಕೆ ಸುಣ್ಣ ಕಲಸ್ತಿದ್ವಿ, ಕೆಂಪಗೆ ಬರ್ತದೆ. ನೀವು ಸುಣ್ಣ ಮುಟ್ಟಬ್ಯಾಡ್ರಿ, ಕಣ್ಣಿಗೆ ಬಿದ್ದಾತು. ಬೆಲ್ಲದ ಪಾಕಕ್ಕೆ ಕುಂಕುಮ ಹಾಕ್ರಿ. ಮತ್ತೆ ಇರುವೆ ಬರೋದ್ರೊಳಗೆ ಸೀನ್ ಮುಗಿಸ್ರಿ.”